ಅಂಗಿಯ ಒಳಗಿನ ಚೀಟಿ ಏನು ಹೇಳುತ್ತದೆ?



ಬಟ್ಟೆ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ನೇಯ್ಗೆಯನ್ನು ಮುಟ್ಟಿ ನೋಡುತ್ತೇವೆ, ಬೆಲೆಗೆ ಚೌಕಾಸಿ ಮಾಡುತ್ತೇವೆ. ಆದರೆ ಕತ್ತಿನ ಪಟ್ಟಿಯ ಹಿಂದೆಯೋ ಪಕ್ಕದ ಹೊಲಿಗೆಯಲ್ಲೋ ಇರುವ ಸಣ್ಣ ಚೀಟಿಯನ್ನು ನೋಡುವವರು ಕಡಿಮೆ. ಚುಚ್ಚುತ್ತದೆಂದು ಮೊದಲ ದಿನವೇ ಅದನ್ನು ಕತ್ತರಿಸಿ ಬಿಸಾಡುವವರೇ ಹೆಚ್ಚು. ಆ ಬಟ್ಟೆ ಎಷ್ಟು ಬಿಸಿಯನ್ನು, ಎಷ್ಟು ತಿಕ್ಕಾಟವನ್ನು, ಎಂಥ ಪುಡಿಯನ್ನು ತಡೆದೀತು ಎಂಬುದನ್ನು ಹೇಳುವುದು ಆ ಚೀಟಿಯೇ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಕಳೆದ ಅಡಿಕೆ ಕೊಯ್ಲಿನಲ್ಲಿ ನಮ್ಮ ತಂದೆಯವರು ಬೆಳಗಿನ ಚಳಿಗೆ ಉಣ್ಣೆಯ ಸ್ವೆಟರು ಹಾಕಿಕೊಂಡು ಅಡಿಕೆ ಬೇಯಿಸುವ ಹಂಡೆಯ ಬಳಿ ನಿಂತಿದ್ದರು. ನನ್ನ ಮೊದಲ ಸಂಬಳದಲ್ಲಿ ಕೊಡಿಸಿದ ಸ್ವೆಟರು ಅದು. ಎದೆಯ ಮೇಲೆ ಚೊಗರು ಚೆಲ್ಲಿತು. "ಬಾವಿಗೆ ಹಾಕೋ ಪುಡಿ ಇದೆಯಲ್ಲೋ, ಅದರಲ್ಲಿ ನೆನೆಸಿದರೆ ಹೋಗುತ್ತೆ" ಎಂದರು ತಾಯಿ. ನಾನೇ ಬ್ಲೀಚಿಂಗ್ ಪುಡಿ ತಂದು ಕೊಟ್ಟೆ. ಬೆಳಿಗ್ಗೆ ಬಕೆಟ್ಟಿನಿಂದ ಎತ್ತಿದಾಗ ಎದೆಯ ಭಾಗ ಲೋಳೆಯಂತೆ ಕೈಗೆ ಕಿತ್ತು ಬಂತು. "ಕಲೆಯೂ ಹೋಯ್ತು, ಸ್ವೆಟರೂ ಹೋಯ್ತು" ಎಂದು ತಂದೆಯವರು ನಕ್ಕುಬಿಟ್ಟರು. ಆಮೇಲೆ ಚೀಟಿ ನೋಡಿದೆ: ಒಂದು ತ್ರಿಕೋನ, ಅದರ ಮೇಲೆ ಅಡ್ಡ ಗೀಟು. ಬ್ಲೀಚಿಂಗ್ ಕೂಡದು ಎಂದು ಅದರ ಅರ್ಥ. ಡಿಪ್ಲೊಮಾ ಓದಿದ ನನಗೂ ಅದನ್ನು ಮೊದಲೇ ನೋಡಬೇಕೆಂದು ಹೊಳೆದಿರಲಿಲ್ಲ.

ಹೀಗೇಕಾಯಿತು? ಉಣ್ಣೆ ಮತ್ತು ರೇಷ್ಮೆ ನಮ್ಮ ತಲೆಗೂದಲಿನಂತೆ ಪ್ರಾಣಿಯಿಂದ ಬಂದ ಎಳೆಗಳು. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಇವನ್ನು ಕರಗಿಸುತ್ತದೆ. ಹತ್ತಿ ಗಿಡದಿಂದ ಬಂದದ್ದು. ಅದು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಬಟ್ಟೆ ಬಟ್ಟೆಗೂ ಹೀಗೆ ವ್ಯತ್ಯಾಸವಿರುವುದರಿಂದಲೇ ಈ ಗುರುತುಗಳು ಬಂದವು. ಇವುಗಳ ಮೇಲ್ವಿಚಾರಣೆಗೆಂದು 1963ರಲ್ಲಿ ಪ್ಯಾರಿಸ್ ನಗರದಲ್ಲಿ ಜಿನೆಟೆಕ್ಸ್ ಎಂಬ ಅಂತರರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಅಕ್ಷರ ಬಾರದವರಿಗೂ, ಭಾಷೆ ಬೇರೆಯಾದವರಿಗೂ ತಿಳಿಯಲೆಂದೇ ಮಾತಿನ ಬದಲು ಚಿತ್ರಗಳನ್ನು ಬಳಸಲಾಗಿದೆ.

ಮುಖ್ಯ ಚಿತ್ರಗಳು ಐದೇ:

1. ನೀರಿನ ತೊಟ್ಟಿ: ಒಗೆಯುವ ವಿಧಾನ. ಒಳಗಿನ ಅಂಕಿ ನೀರಿನ ಬಿಸಿಯ ಮಿತಿ. 30 ಎಂದರೆ ತಣ್ಣೀರೆಂದೇ ತಿಳಿಯಿರಿ. 40 ಎಂದರೆ ಉಗುರುಬೆಚ್ಚಗಿನ ನೀರು. 60 ಎಂದರೆ ಕೈ ಇಡಲಾಗದಷ್ಟು ಬಿಸಿ. ತೊಟ್ಟಿಯಲ್ಲಿ ಕೈಯ ಚಿತ್ರವಿದ್ದರೆ ಕೈಯಲ್ಲೇ ಮೆಲ್ಲಗೆ ಒಗೆಯಬೇಕು. ಅದನ್ನು ಕಲ್ಲಿಗೆ ಬಡಿಯಬಾರದು, ಯಂತ್ರಕ್ಕೂ ಹಾಕಬಾರದು.

2. ತ್ರಿಕೋನ: ಬ್ಲೀಚಿಂಗ್. ಖಾಲಿ ತ್ರಿಕೋನವಿದ್ದರೆ ಮಾಡಬಹುದು. ಒಳಗೆ ಎರಡು ಓರೆ ಗೆರೆಗಳಿದ್ದರೆ ಕ್ಲೋರಿನ್ ಇಲ್ಲದ ಪುಡಿ ಮಾತ್ರ.

3. ಚೌಕ: ಒಣಗಿಸುವುದು. ಚೌಕದೊಳಗೆ ವೃತ್ತವಿದ್ದರೆ ಅದು ಬಿಸಿಗಾಳಿಯ ಯಂತ್ರದ ಮಾತು. ನಿಂತ ಗೆರೆಯಿದ್ದರೆ ಹಗ್ಗದ ಮೇಲೆ ಹರವಬಹುದು. ಮಲಗಿದ ಗೆರೆಯಿದ್ದರೆ ಚಾಪೆಯಂತೆ ಹಾಸಿ ಒಣಗಿಸಬೇಕು. ಮೂಲೆಯಲ್ಲಿ ಎರಡು ಓರೆ ಗೆರೆಗಳಿದ್ದರೆ ನೆರಳಿನಲ್ಲಿ ಒಣಗಿಸಬೇಕು.

4. ಇಸ್ತ್ರಿ ಪೆಟ್ಟಿಗೆ: ಒಂದು ಚುಕ್ಕಿಗೆ ಕಡಿಮೆ ಬಿಸಿ, ಎರಡಕ್ಕೆ ಮಧ್ಯಮ, ಮೂರಕ್ಕೆ ಹೆಚ್ಚು. ನೈಲಾನಿಗೆ ಒಂದು, ರೇಷ್ಮೆ ಮತ್ತು ಉಣ್ಣೆಗೆ ಎರಡು, ಹತ್ತಿಗೆ ಮೂರು ಚುಕ್ಕಿ ಸಾಮಾನ್ಯ.

5. ಬರಿಯ ವೃತ್ತ: ಪೇಟೆಯ ಡ್ರೈ ಕ್ಲೀನಿಂಗ್ ಅಂಗಡಿಯವರಿಗೆ ಕೊಟ್ಟ ಸೂಚನೆ.

ಇವುಗಳ ಜೊತೆಗೆ ಮೂರು ನಿಯಮ ನೆನಪಿಡಿ. ಯಾವ ಚಿತ್ರದ ಮೇಲಾದರೂ ಅಡ್ಡ ಗೀಟಿದ್ದರೆ "ಬೇಡ" ಎಂದರ್ಥ. ಚುಕ್ಕಿ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಚಿತ್ರದ ಕೆಳಗೆ ಗೆರೆಯಿದ್ದರೆ ಮೆಲ್ಲಗೆ. ಎರಡು ಗೆರೆಯಿದ್ದರೆ ಇನ್ನೂ ಮೆಲ್ಲಗೆ.

ಚೀಟಿಯೇ ಇಲ್ಲದ ಬಟ್ಟೆಗೆ ಏನು ಮಾಡುವುದು? ಅಂಚಿನಿಂದ ಒಂದೆರಡು ಎಳೆ ಕಿತ್ತು, ಬಟ್ಟೆಯಿಂದ ದೂರದಲ್ಲಿ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ನೈಲಾನ್ ಅಥವಾ ಪಾಲಿಯೆಸ್ಟರ್. ರೇಷ್ಮೆ, ಉಣ್ಣೆಗಳಿಗೆ ವಾಷಿಂಗ್ ಸೋಡವೂ ಶತ್ರು. ಮದುವೆಯ ರೇಷ್ಮೆ ಸೀರೆಯನ್ನು ಮನೆಯಲ್ಲಿ ಪ್ರಯೋಗಕ್ಕೆ ಒಡ್ಡದೆ ಡ್ರೈ ಕ್ಲೀನಿಂಗಿಗೆ ಕೊಡುವುದೇ ಲೇಸು.

ಚೊಗರಿನ ಕಲೆಗೂ ಒಂದು ಮಾತು. ಚೆಲ್ಲಿದ ಕೂಡಲೇ, ಒಣಗುವ ಮುನ್ನ, ತಣ್ಣೀರಿನಲ್ಲಿ ಮತ್ತೆ ಮತ್ತೆ ಅದ್ದಿ ತೆಗೆಯಿರಿ. ಕಬ್ಬಿಣದ ಬಕೆಟ್ಟಿನಲ್ಲಿ ನೆನೆಸಬೇಡಿ. ಚೊಗರಿನ ಒಗರು ಕಬ್ಬಿಣದೊಡನೆ ಸೇರಿ ಕಲೆ ಕಪ್ಪಾಗುತ್ತದೆ.

ಔಷಧ ಹೊಡೆಯುವವರ ಬಟ್ಟೆಯ ವಿಷಯದಲ್ಲಿ ಇದು ಆರೋಗ್ಯದ ಪ್ರಶ್ನೆಯೂ ಹೌದು. ಔಷಧದ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಲ್ಲಿ ಕೆಂಪು ಅತ್ಯಂತ ವಿಷಕಾರಿ ಎಂಬುದನ್ನು ತಾವು ಬಲ್ಲಿರಿ. ಅದೇ ವಿಷ ಅಂಗಿಗೂ ಅಂಟಿರುತ್ತದೆ. ಆದ್ದರಿಂದ ಆ ಬಟ್ಟೆಯನ್ನು ಅದೇ ದಿನ, ಬೇರೆಯಾಗಿ, ಕೈಗವಸು ಹಾಕಿಕೊಂಡು ಒಗೆಯಬೇಕು. ಮಕ್ಕಳ ಬಟ್ಟೆಯೊಡನೆ ಸೇರಿಸಬಾರದು. ಕಾಲುವೆಯಲ್ಲಿ, ದನ ನೀರು ಕುಡಿಯುವ ಕಡೆ ಜಾಲಿಸಬಾರದು. ಚೀಟಿ ಒಪ್ಪುವಷ್ಟು ಬಿಸಿಯ ನೀರು, ಸೋಪಿನ ಪುಡಿ ಬಳಸಿ, ಎರಡು ಸಲ ಒಗೆದು ಬಿಸಿಲಿಗೆ ಹಾಕಬೇಕು. ಈ ಕೆಲಸಕ್ಕೆ ಬಿಸಿನೀರು ತಡೆಯುವ ದಪ್ಪ ಹತ್ತಿಯ ಪೂರ್ಣ ತೋಳಿನ ಅಂಗಿಯನ್ನೇ ಮೀಸಲಿಡಿ.

ಕೊನೆಯದಾಗಿ ಒಂದು ಸಂಗತಿ. ನಮ್ಮ ಸುತ್ತಿನ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗಿ ದುಡಿಯುತ್ತಾರೆ. ಸಿದ್ಧ ಉಡುಪಿಗೆ ಇಂಥ ಚೀಟಿಯನ್ನು ಸೇರಿಸಿ ಹೊಲಿಯುವವರು ಅವರಂಥವರೇ. ನಮ್ಮ ಮಕ್ಕಳ ಕೈ ಹೊಲಿದ ಚೀಟಿಯನ್ನು ಪರದೇಶದವರು ಓದಿ ಬಟ್ಟೆ ಉಳಿಸಿಕೊಳ್ಳುವಾಗ, ನಾವು ಕತ್ತರಿಸಿ ಬಿಸಾಡುವುದು ಸರಿಯೆ? ಈ ವಾರ ಸ್ತ್ರೀಶಕ್ತಿ ಸಂಘದ ಸಭೆಗೆ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಬಟ್ಟೆ ತಂದು, ಕಾರ್ಖಾನೆಗೆ ಹೋಗುವ ಅಕ್ಕತಂಗಿಯರಿಂದಲೇ ಚೀಟಿ ಓದಿಸಿ ತಿಳಿದುಕೊಳ್ಳಬೇಕೆಂದು ಕೋರುತ್ತೇನೆ. ಚೀಟಿ ಚುಚ್ಚಿದರೆ ಕತ್ತರಿಸಿ, ಆದರೆ ಬಿಸಾಡಬೇಡಿ. ಯಾವ ಬಟ್ಟೆಯದೆಂದು ಬರೆದು ಟ್ರಂಕಿನಲ್ಲಿ ಇಡಿ.

— ತಮ್ಮ ಗ್ರಾಮ ಸೇವಕ, ಸೋಗಾನೆ