ಲಕ್ವದ ಭಯವೂ ಉಪ್ಪಿನ ಜಾಡಿಯೂ

ಲಕ್ವ ಹೊಡೆಯುವುದು ಒಂದು ಗಳಿಗೆಯಲ್ಲಾದರೂ ರಕ್ತನಾಳಗಳು ಹದಗೆಡುತ್ತಾ ಬಂದಿರುವುದು ಹತ್ತಾರು ವರ್ಷಗಳಿಂದ. ಹಾಗಾಗಿ ಅದನ್ನು ಹಣೆಬರಹವೆಂದು ಕೈಚೆಲ್ಲಿ ಕೂರುವುದು ಸರಿಯಲ್ಲ. ಭಾರತವೂ ಸೇರಿ 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ‘ಇಂಟರ್‌ಸ್ಟ್ರೋಕ್’ ಅಧ್ಯಯನದ ಲೆಕ್ಕದಲ್ಲಿ, ಹತ್ತರಲ್ಲಿ ಒಂಬತ್ತು ಪಾಲು ಲಕ್ವಕ್ಕೆ ನಾವು ತಿದ್ದಿಕೊಳ್ಳಬಹುದಾದ ಹತ್ತು ಕಾರಣಗಳೇ ಹೊಣೆ. ತಂಬಾಕು, ಮದ್ಯ, ಸಕ್ಕರೆ ಕಾಯಿಲೆ, ಮೈಗೆ ಕೆಲಸವಿಲ್ಲದ ಬದುಕು ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಹೆಚ್ಚುಕಡಿಮೆ ಅರ್ಧದಷ್ಟು ಹೊಣೆ ಅಧಿಕ ರಕ್ತದೊತ್ತಡ ಒಂದರದ್ದೇ, ಆ ಒತ್ತಡವನ್ನು ಏರಿಸುವುದರಲ್ಲಿ ಉಪ್ಪಿನ ಪಾಲು ಇದೆ. ಲಕ್ವಕ್ಕೆ ಹೆದರಿ ಮೀನೆಣ್ಣೆ, ವಿಟಮಿನ್ ಡಬ್ಬಿಗಳನ್ನು ಕೊಳ್ಳುವವರು ಮೊದಲು ತಮ್ಮ ಅಡುಗೆಮನೆಯ ಉಪ್ಪಿನ ಜಾಡಿಯನ್ನು ನೋಡಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಈ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಚೀನಾದ ಹಳ್ಳಿಗಾಡಿನಲ್ಲಿ. ಒಮ್ಮೆ ಲಕ್ವ ಹೊಡೆದವರು ಇಲ್ಲವೇ ಅರವತ್ತು ದಾಟಿ ಬಿಪಿ ಇದ್ದವರು, ಹೀಗೆ 600 ಹಳ್ಳಿಗಳ ಸುಮಾರು 21,000 ಜನರನ್ನು ವೈದ್ಯರು ಐದು ವರ್ಷದ ಹತ್ತಿರ ಗಮನಿಸಿದರು. ಅರ್ಧ ಹಳ್ಳಿಗಳ ಜನ ಎಂದಿನ ಉಪ್ಪನ್ನೇ ಬಳಸಿದರು. ಉಳಿದವರಿಗೆ ಕೊಟ್ಟ ಉಪ್ಪಿನಲ್ಲಿ ಕಾಲು ಭಾಗ ಸೋಡಿಯಂ ಕ್ಲೋರೈಡ್ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇತ್ತು. 2021ರಲ್ಲಿ ಫಲಿತಾಂಶ ಬಂದಾಗ ಬದಲಿ ಉಪ್ಪು ತಿಂದವರಲ್ಲಿ ಲಕ್ವ ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾಗಿತ್ತು. ಅವರ ಮೇಲಿನ ಬಿಪಿ ಇಳಿದಿದ್ದಾದರೂ ಎಷ್ಟು? ಸರಾಸರಿ ಮೂರು ಪಾಯಿಂಟ್ ಚಿಲ್ಲರೆ. ಒಬ್ಬ ರೋಗಿಯ ಚೀಟಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದಷ್ಟು ಸಣ್ಣ ಇಳಿಕೆ ಅದು. ಆದರೆ ಸೋಡಿಯಂ ಕಡಿಮೆಯಾದರೆ ರಕ್ತನಾಳದಲ್ಲಿ ನಿಲ್ಲುವ ನೀರು ಕಡಿಮೆಯಾಗುತ್ತದೆ, ಪೊಟ್ಯಾಸಿಯಂ ನಾಳದ ಗೋಡೆಯ ಬಿಗಿ ಸಡಿಲಿಸುತ್ತದೆ. ಅಷ್ಟು ಸಣ್ಣ ಬಿಡುವು ವರ್ಷಗಟ್ಟಲೆ ಸಿಕ್ಕರೆ ನಾಳ ಉಳಿದುಕೊಳ್ಳುತ್ತದೆ. ಅಲ್ಲಿನಂತೆ ನಮ್ಮಲ್ಲೂ ಉಪ್ಪು ಹೆಚ್ಚಾಗಿ ಹೊಟ್ಟೆಗೆ ಹೋಗುವುದು ಮನೆಯ ಅಡುಗೆಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ. ಎರಡು ಹೊತ್ತಿನ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ ಸೇರಿದರೆ ಆ ಮಿತಿ ದಾಟುವುದು ಕಷ್ಟವೇನಲ್ಲ.

ಹಾಗಾದರೆ ವಿಟಮಿನ್ ಮಾತ್ರೆಗಳೆಲ್ಲ ದಂಡವೇ? ಅಲ್ಲ ಎನ್ನುವುದಕ್ಕೂ ಚೀನಾದ್ದೇ ಪುರಾವೆಯಿದೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಪಿ ಇದ್ದ 20,000ಕ್ಕೂ ಹೆಚ್ಚು ಜನರ ಪೈಕಿ ಅರ್ಧ ಮಂದಿಗೆ ಎನಲಾಪ್ರಿಲ್ ಎಂಬ ಬಿಪಿ ಮಾತ್ರೆಯ ಜೊತೆ ಫೋಲಿಕ್ ಆಸಿಡ್ (ಫೋಲೇಟ್ ವಿಟಮಿನ್) ಸೇರಿಸಿ, ಉಳಿದವರಿಗೆ ಎನಲಾಪ್ರಿಲ್ ಮಾತ್ರ ಕೊಟ್ಟರು; ನಾಲ್ಕೂವರೆ ವರ್ಷದಲ್ಲಿ ಮೊದಲ ಲಕ್ವ ಎನಲಾಪ್ರಿಲ್ ಮಾತ್ರ ಪಡೆದವರಲ್ಲಿ ಶೇ 3.4ರಷ್ಟಿದ್ದರೆ, ಫೋಲಿಕ್ ಆಸಿಡ್ ಸೇರಿಸಿ ಪಡೆದವರಲ್ಲಿ ಶೇ 2.7ರಷ್ಟಿತ್ತು. ಇದನ್ನು ಓದಿ ಅಂಗಡಿಗೆ ಓಡುವ ಮುಂಚೆ ಎರಡು ಸಂಗತಿ ನೆನಪಿರಲಿ. ಅದು ಬಿಪಿ ಮಾತ್ರೆಯ ಜೊತೆಗೆ ಸಿಕ್ಕ ಲಾಭ. ಹೆಚ್ಚು ಲಾಭವಾಗಿದ್ದು ಮೈಯಲ್ಲಿ ಫೋಲೇಟ್ ಕಡಿಮೆ ಇದ್ದವರಿಗೆ. ಕೊರತೆ ಇದ್ದಲ್ಲಿ ಪೂರಕ ಕೆಲಸ ಮಾಡುತ್ತದೆ. ಕೊರತೆಯನ್ನು ನೋಡದೆ ಅಮೆರಿಕದ 25,871 ಜನರಲ್ಲಿ ವಿಟಮಿನ್ ಡಿ, ಮೀನೆಣ್ಣೆ ಪರೀಕ್ಷಿಸಿದಾಗ ಲಕ್ವ ಇಳಿಯಲಿಲ್ಲ. ವಿಟಮಿನ್ ಇ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಿದುಳಿನಲ್ಲಿ ರಕ್ತ ಸೋರುವ ಬಗೆಯ ಲಕ್ವ ಹೆಚ್ಚಿದ್ದೂ ಕಂಡಿತು. ನಮ್ಮ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದನ್ನು ಪರೀಕ್ಷಿಸದೆ ಫೋಲಿಕ್ ಆಸಿಡ್ ಮಾತ್ರ ನುಂಗಿದರೆ ರಕ್ತಹೀನತೆ ಮರೆಯಾಗಿ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ಬದಲಿ ಉಪ್ಪಿಗೂ ನ್ಯಾಯವಾದ ಆಕ್ಷೇಪವಿದೆ. ಮೂತ್ರಪಿಂಡ ಸೊರಗಿದವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಚೀನಾದ ಪ್ರಯೋಗದಲ್ಲೂ ಅಂಥವರನ್ನು ಸೇರಿಸಿರಲಿಲ್ಲ. ಪೊಟ್ಯಾಸಿಯಂ ಏರಿಸಬಲ್ಲ ಸ್ಪೈರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸದೆ, ವೈದ್ಯರನ್ನು ಕೇಳದೆ ಬದಲಿ ಉಪ್ಪನ್ನು ಮುಟ್ಟಬಾರದು. ಉಪ್ಪು ಕಡಿಮೆ ಮಾಡಿದೆನಲ್ಲ ಎಂದು ಬಿಪಿ ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯ. ಬದಲಿ ಉಪ್ಪು ಒಗ್ಗದವರಿಗೆ ದಾರಿ ಸರಳ: ಇರುವ ಉಪ್ಪನ್ನೇ ವಾರವಾರಕ್ಕೂ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗುವುದು. ಕೆಲವು ವಾರಗಳಲ್ಲಿ ನಾಲಿಗೆ ಆ ರುಚಿಗೆ ಹೊಂದಿಕೊಳ್ಳುತ್ತದೆ.