ದರ್ಶಿನಿಯ ಚೀಟಿ

ಜಯನಗರದಲ್ಲಿ ೧೯೮೩ರಲ್ಲಿ ‘ಕೆಫೆ ದರ್ಶಿನಿ’ ಆರಂಭವಾದ ಮೇಲೆ, ನಾವೇ ತೆಗೆದುಕೊಂಡು ನಿಂತು ತಿನ್ನುವ ಪದ್ಧತಿ ಊರಿಗೆಲ್ಲ ಹಬ್ಬಿತು. ಮೊದಲು ಹಣ, ಆಮೇಲೆ ಇಡ್ಲಿ. ಇದು ಗಿರಾಕಿಯ ಮೇಲಿನ ಅಪನಂಬಿಕೆಯೆಂದು ವಾಚಕರು ಭಾವಿಸಬಾರದು; ಅಪನಂಬಿಕೆಯಿರುವುದು ನಮ್ಮ ಮೇಲೆ. ‘ನಮ್ಮ’ ಎಂದೆ, ಅಂಥದೊಂದರ ಗಲ್ಲಾದಲ್ಲಿ ನಾನು ಸಂಜೆ ಕೂರುತ್ತೇನೆ. ಕಾಲೇಜಿನ ಶುಲ್ಕ ಹುಟ್ಟುವುದು ಅಲ್ಲಿಂದಲೇ.

ಹಣ ಮುಟ್ಟುವವನು ತಿಂಡಿ ಮುಟ್ಟುವಂತಿಲ್ಲ, ತಿಂಡಿ ಕೊಡುವವನು ಹಣ ಮುಟ್ಟುವಂತಿಲ್ಲ. ನಡುವೆ ಓಡಾಡುವುದು ಚೀಟಿ. ಕೊಡುವವನು ಅದನ್ನು ಹರಿದು ಮೊಳೆಗೆ ಚುಚ್ಚಬೇಕು. ಹರಿಯದ ಚೀಟಿ ಗುಟ್ಟಾಗಿ ಗಲ್ಲಾಕ್ಕೆ ಮರಳಿದರೆ ಒಂದೇ ಚೀಟಿಗೆ ಎರಡು ದೋಸೆ ಹೋದಾವು; ಎರಡನೆಯದರ ಹಣ ಜೇಬಿಗೆ! ಆದರೆ ಅದಕ್ಕೆ ಇಬ್ಬರೂ ಕೂಡಬೇಕು, ಹಿಟ್ಟಿನ ಲೆಕ್ಕವೂ ಸುಮ್ಮನಿರಬೇಕು. ರಾತ್ರಿ, ಮೊದಲಿಟ್ಟ ಚಿಲ್ಲರೆ ಕಳೆದು, ನಗದೂ ಯುಪಿಐ ಜಮೆಯೂ ಸೇರಿ ಯಂತ್ರದ ಮೊತ್ತಕ್ಕೆ ಸರಿಹೊಂದಬೇಕು. ಮೊಳೆಯ ಚೀಟಿಗಳೂ ಅಷ್ಟೇ ಹೇಳಬೇಕು.

ಒಂದು ರಾತ್ರಿ ನಗದಿನಲ್ಲಿ ೨೦೦ ರೂಪಾಯಿ ಕಡಮೆ ಬಂತು. ಯಜಮಾನರು ಮಾತಾಡದೆ ನನ್ನ ಜೇಬಿನತ್ತ ನೋಡಿದರು. ನನಗೆ ಬೆವರಿಳಿಯಿತು. ಮತ್ತೆ ಎಣಿಸಿದಾಗ ಯುಪಿಐ ಜಮೆಯಲ್ಲಿ ೨೦೦ ಹೆಚ್ಚಿತ್ತು: ಫೋನಿನಲ್ಲಿ ಬಂದದ್ದನ್ನು ನಾನೇ ನಗದೆಂದು ಒತ್ತಿದ್ದೆ. ಅವರು ಏನೂ ಅನ್ನಲಿಲ್ಲ. ಮರುದಿನ ಗಲ್ಲಾದ ಬೀಗದ ಕೈಯನ್ನು ಎಂದಿನಂತೆ ಕೊಟ್ಟರು. ಮನೆಯಲ್ಲಿ ನಾನಿದನ್ನು ಇನ್ನೂ ಹೇಳಿಲ್ಲ.