ಪಾಠದೊಳಗೇ ವೃತ್ತಿಯ ಪರಿಚಯ

‘ಈ ಲೆಕ್ಕ ಕಲಿತು ಏನಾಗಬೇಕು ಸಾರ್?’ ತರಗತಿಯ ಈ ಹಳೆಯ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕ ಹಣವನ್ನೇ ತೆಗೆದಿಟ್ಟಿತ್ತು. ಅಧ್ಯಕ್ಷ ಕ್ಲಿಂಟನ್ 1994ರ ಮೇ 4ರಂದು ಸಹಿ ಹಾಕಿದ ‘ಶಾಲೆಯಿಂದ ಉದ್ಯೋಗಕ್ಕೆ’ ಕಾಯ್ದೆ ರಾಜ್ಯಗಳಿಗೂ ಸ್ಥಳೀಯ ಶಾಲೆ-ಉದ್ಯಮ ಕೂಟಗಳಿಗೂ ಅನುದಾನ ನೀಡಿತು. ಶಿಕ್ಷಕರ ತರಬೇತಿಗೂ ಅದನ್ನು ಬಳಸಬಹುದಿತ್ತು.

ಇರುವ ಪಾಠವನ್ನೇ ದುಡಿಮೆಯ ಲೋಕದೊಂದಿಗೆ ಬೆಸೆಯುವುದು ಇದರ ಆಶಯ. ತ್ರಿಕೋನಮಿತಿ ಕಲಿಸುವಾಗ ಸರ್ವೇಯರ್ ಕೆಲಸವನ್ನೂ, ರಸಾಯನಶಾಸ್ತ್ರದ ಜತೆ ಔಷಧ ತಯಾರಿಕೆಯನ್ನೂ ಪರಿಚಯಿಸಿದರೆ ಪಾಠಕ್ಕೆ ಜೀವ ಬರುತ್ತದೆ.

ಕಾಯ್ದೆಯ ಅವಧಿ 2001ಕ್ಕೆ ಮುಗಿಯಿತು. ಈ ಗಡುವು ಮೊದಲೇ ಗೊತ್ತಿದ್ದದ್ದು: ಬಿತ್ತನೆಗಷ್ಟೇ ಸರ್ಕಾರದ ಹಣ, ಬೆಳೆಸುವುದು ಶಾಲೆಯ ಹೊಣೆ.

ತಂದೆತಾಯಂದಿರೇ, ‘ಎಷ್ಟು ಅಂಕ ಬಂತು?’ ಎನ್ನುವುದರ ಜತೆಗೆ ‘ಇವತ್ತಿನ ಪಾಠ ಯಾವ ಕೆಲಸಕ್ಕೆ ಬರುತ್ತದೆ?’ ಎಂದೂ ಮಕ್ಕಳನ್ನು ಕೇಳಿ. ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.